ಚೀಟಿ ಇಲ್ಲದ ಬಿಳಿ ಪುಡಿಗಳು

ಪ್ರಯೋಗಾಲಯದ ಬೀರು ತೆರೆದವಳೇ ರಸಾಯನಶಾಸ್ತ್ರದ ಮೇಡಂ ಸ್ಟೂಲಿನ ಮೇಲೆ ಕುಸಿದು ಕೂತಳು. ಹಳೆಯ ಡಬ್ಬಿಗಳೆಲ್ಲ ಮಾಯ. ಅವುಗಳ ಜಾಗದಲ್ಲಿ ಫಳಫಳ ಹೊಳೆಯುವ, ಒಂದೇ ಅಳತೆಯ ಗಾಜಿನ ಭರಣಿಗಳು. ಒಂದರ ಮೇಲೂ ಚೀಟಿಯಿಲ್ಲ. ಒಳಗಿರುವುದೆಲ್ಲ ಬಿಳಿ ಪುಡಿ. ನಾಳೆ ಬೆಳಗಾದರೆ ಮಕ್ಕಳಿಗೆ ಪ್ರಾಯೋಗಿಕ ಪರೀಕ್ಷೆ!

ಈ ಘನಕಾರ್ಯ ಪ್ರಿನ್ಸಿಪಾಲರದು. ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಮಾತು ಅಂದು ಹಗುರಾಗಬಹುದಿತ್ತು. ಆದರೆ ಅವರು ಅವಳ ಗಂಡನ ಅಣ್ಣ. ಕಾಲೇಜಿನಲ್ಲಿ ಸಾರ್, ಮನೆಯಲ್ಲಿ ಭಾವ. ಎರಡು ಕಡೆಯೂ ಹಲ್ಲು ಕಚ್ಚಿಕೊಂಡಿರಬೇಕು.

"ತಪಾಸಣೆಯವರು ಬರ್ತಾರಲ್ಲಮ್ಮಾ, ನೋಡೋಕೆ ಚೆನ್ನಾಗಿರಲಿ ಅಂತ ನಿನ್ನೆ ರಜಾದಲ್ಲಿ ನಾನೇ ಕೂತು ತುಂಬಿಸಿದೆ," ಎಂದರು ಅವರು ಬಾಗಿಲಲ್ಲಿ ನಿಂತು. "ಎಲ್ಲಾ ಸಕ್ಕರೆ ಜಾತೀನೇ ತಾನೇ?"

'ಹತ್ತಿಯ ನಾರೂ ಅದೇ ಜಾತಿ, ಹಸಿವಾದರೆ ಅಂಗಿ ತಿಂತೀರಾ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

"ಒಳಗಿನ ರಚನೆ ಬೇರೆ ಬೇರೆ ಸಾರ್. ಕೆಲವು ಒಂಟಿ ಸಕ್ಕರೆ ಕಣ, ಕೆಲವು ಜೋಡಿ, ಕೆಲವು ಉದ್ದುದ್ದ ಸರಪಳಿ. ಅದನ್ನ ಗುರುತಿಸೋದೇ ನಾಳೆ ಪರೀಕ್ಷೆ."

"ಹಾಗಾದ್ರೆ ನೀನೇ ಗುರುತಿಸಿಬಿಡು, ಅದೇನು ಮಹಾ!" ಎಂದು ಹೊರಟೇಬಿಟ್ಟರು.

ಗೊಣಗುತ್ತಲೇ ಬರ್ನರ್ ಹಚ್ಚಿದಳು. ಕುದಿಯುವ ನೀರಿನಲ್ಲೂ ಜಪ್ಪಯ್ಯ ಅಂದರೂ ಕರಗದೆ ತಳ ಹಿಡಿದದ್ದು ಹತ್ತಿಯ ನಾರಿನ ಪುಡಿ. ಅಯೋಡಿನ್ ಬಿದ್ದೊಡನೆ ಕಡುನೀಲಿಯಾದದ್ದು ಆಲೂಗಡ್ಡೆಯ ಪಿಷ್ಟ. ಸಕ್ಕರೆ ಪತ್ತೆಹಚ್ಚುವ ನೀಲಿ ಬೆನೆಡಿಕ್ಟ್ ದ್ರಾವಣದಲ್ಲಿ ಕುದಿಸಿದರೂ ಬಣ್ಣ ಬದಲಿಸದ ಜೋಡಿ ಕಬ್ಬಿನ ಸಕ್ಕರೆ. ಇಟ್ಟಿಗೆ ಕೆಂಪಾದ ಎರಡೂ ಒಂಟಿಗಳು. ಅವುಗಳಲ್ಲಿ ಗ್ಲೂಕೋಸ್ ಯಾವುದು, ಹಣ್ಣಿನ ಸಕ್ಕರೆ ಯಾವುದು ಎಂದು ತಿಳಿಯಲು ಇನ್ನೊಂದು ಪರೀಕ್ಷೆ ಮಾಡಬೇಕಾಯಿತು. ಊಟದ ಹೊತ್ತು ಮೀರಿತು. ಅಷ್ಟು ಒದ್ದಾಡಿದ ಮೇಲೆ ನೋಡಿದರೆ ಪಟ್ಟಿಯಲ್ಲಿದ್ದ ಹಾಲಿನ ಸಕ್ಕರೆಯೇ ನಾಪತ್ತೆ.

ಕೇಳೋಣವೆಂದು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದಳು. ಅವರು ಕರಿ ಟೀ ಮುಂದಿಟ್ಟುಕೊಂಡು ಮುಖ ಕಿವುಚುತ್ತಿದ್ದರು.

"ಅಂಗಡಿಯವನಿಗೆ ಬುದ್ಧಿ ಕಲಿಸ್ಬೇಕು ಕಣಮ್ಮಾ. ಬೆಳಗ್ಗಿಂದ ಚಮಚದ ಮೇಲೆ ಚಮಚ ಸುರೀತಿದ್ದೀನಿ, ಸಿಹೀನೇ ಇಲ್ಲ! ಹೊಟ್ಟೆ ಬೇರೆ ಗುಡುಗುಡು ಅಂತಿದೆ."

ತಟ್ಟೆಯಲ್ಲಿ ಅದೇ ಅಳತೆಯ ಗಾಜಿನ ಭರಣಿ ಕೂತಿತ್ತು.

"ಬೀರುವಲ್ಲಿ ಜಾಗ ಸಾಲ್ಲಿಲ್ಲ, ಇಲ್ಲಿಟ್ಕೊಂಡೆ," ಎಂದರು ಅವಳ ನೋಟ ಕಂಡು.

"ಭಾವಾ!" ಕಾಲೇಜೆಂಬುದೇ ಅವಳಿಗೆ ಮರೆತುಹೋಗಿತ್ತು. "ಹಾಲು ಮೈಗೆ ಒಗ್ಗಲ್ಲ ಅಂತ ಕರಿ ಟೀ ಕುಡಿಯೋರು ನೀವು. ಇದು ಹಾಲಿನ ಸಕ್ಕರೆ! ಬೀರುವಿನ ಸಾಮಾನು ಬಾಯಿಗೆ ಹಾಕ್ಕೋತಾರಾ ಯಾರಾದ್ರೂ?"

"ಹಾಲಲ್ಲೂ ಸಕ್ಕರೆ ಇರುತ್ತಾ?" ಎನ್ನುತ್ತ ಎದ್ದವರು ಉತ್ತರಕ್ಕೆ ಕಾಯದೆ ಶೌಚಾಲಯದ ಕಡೆ ಓಡಿದರು.

ಎಂಜಲು ಚಮಚ ಮುಳುಗಿದ ಪುಡಿ ಪರೀಕ್ಷೆಗೆ ಬರುವಂತಿರಲಿಲ್ಲ. ಎಲ್ಲವನ್ನೂ ಚೆಲ್ಲಿ, ಪ್ರಶ್ನೆಪತ್ರಿಕೆಯಿಂದ ಹಾಲಿನ ಸಕ್ಕರೆಯನ್ನೇ ಹೊಡೆದುಹಾಕಿದಳು. ಉಳಿದವುಗಳಿಗೆ ಚೀಟಿ ಅಂಟಿಸಿ, ಬೀರುವಿಗೆ ಬೀಗ ಜಡಿದು ಮನೆಗೆ ಬಂದಳು.

ಸಂಜೆ ಭಾವ ಬಿಸಿನೀರು ಗುಟುಕರಿಸುತ್ತ ಮೆಲ್ಲಗೆ ಕೇಳಿದರು: "ಆ ಆಮ್ಲದ ಬಾಟ್ಲಿಗಳೂ ಹಳೇದಾಗಿವೆ ನೋಡು, ಅವನ್ನೂ..."

"ಮುಟ್ಟಿದ್ರೆ ನಾನು ಕೆಲಸ ಬಿಡ್ತೀನಿ," ಎಂದಳು. ಗಂಡ ಪತ್ರಿಕೆಯಿಂದ ತಲೆಯೆತ್ತಿದ. ಭಾವ ಮತ್ತೆ ಬಿಸಿನೀರಿನ ಲೋಟಕ್ಕೇ ಬಾಯಿಟ್ಟರು.