ಏಡಿ ಬಿಟ್ಟ ಮೇಷ್ಟ್ರು

ಮಂಚೇನಹಳ್ಳಿಯ ನಿವೃತ್ತ ಮೇಷ್ಟ್ರು ಕೋನಪ್ಪನವರಿಗೆ ಹೃದಯದಲ್ಲಿ ಸ್ಟೆಂಟ್ ಹಾಕಿ ಎಂಟು ತಿಂಗಳಾಗಿತ್ತು. ಆಸ್ಪತ್ರೆಯವರು ಕೊಟ್ಟ ಅಚ್ಚಿನ ಚೀಟಿಯಲ್ಲಿ ತಿನ್ನಬಾರದ್ದರ ಪಟ್ಟಿಯಿತ್ತು. ಅದರಲ್ಲಿ ಸೀಗಡಿ, ಏಡಿ ಎರಡೂ ಇದ್ದವು. ವಾರಕ್ಕೊಮ್ಮೆ ಏಡಿಸಾರು ಉಣ್ಣುತ್ತಿದ್ದ ಮನುಷ್ಯ ಆಮೇಲೆ ಅದನ್ನು ಮುಟ್ಟಲಿಲ್ಲ. ಬೋಂಡದ ಹೆಸರು ಮಾತ್ರ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ದಿನಾ ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ ಎರಡು ಬೋಂಡ ತಿಂದು ಬರುತ್ತಿದ್ದರು.

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಆಹಾರ ವಿಜ್ಞಾನ ಕಲಿಸುತ್ತಿದ್ದ ಮಗಳು ಸಂಘಮಿತ್ರಳಿಗೆ ಇದನ್ನು ನೋಡಿದರೆ ತಲೆ ಕೆಡುತ್ತಿತ್ತು.

“ಅಪ್ಪಾ, ಏಡೀಲಿ ಕೊಬ್ಬೇ ಕಡಿಮೆ. ಇರೋ ಚೂರಲ್ಲೂ ಒಮೆಗಾ-ತ್ರೀ ಅಂತ ಇರುತ್ತೆ, ಅದು ಹೃದಯಕ್ಕೆ ಒಳ್ಳೇದು. ನೀನು ತಿನ್ನೋ ಬೋಂಡದ ಎಣ್ಣೆ ನೋಡಿದೀಯಾ? ಕಾದು ಕಾದು ಕರ್ರಗಾಗಿರುತ್ತೆ.”

“ಏಡೀಲಿ ಕೊಲೆಸ್ಟ್ರಾಲ್ ಇಲ್ವಾ?”

“ಇದೆ. ಆದ್ರೆ ತಿಂದಿದ್ದೆಲ್ಲಾ ಹೋಗಿ ರಕ್ತದಲ್ಲಿ ಕೂರಲ್ಲ.”

“ಹಂಗಂತ ನೀನು ಹೇಳ್ತೀಯ. ಡಾಕ್ಟ್ರು ಬರೆದಿಲ್ವಲ್ಲಮ್ಮ.”

ಡಾಕ್ಟರ ಬಾಯಿಂದಲೇ ಹೇಳಿಸೋಣವೆಂದು ಅವಳು ರಜೆ ಹಾಕಿ ಅಪ್ಪನನ್ನು ಗೌರಿಬಿದನೂರಿಗೆ ಕರೆದುಕೊಂಡು ಹೋದಳು. ಮೂರು ಗಂಟೆ ಬೆಂಚಿನ ಮೇಲೆ ಕಾದರು. ಏಡಿಯ ವಿಷಯ ಕೇಳಿದಾಗ ಡಾಕ್ಟರು ರಿಪೋರ್ಟಿನಿಂದ ತಲೆಯೆತ್ತದೆ, “ಯಾವಾಗಲಾದ್ರೂ ಸ್ವಲ್ಪ ತಿನ್ನಲಿ, ಎಣ್ಣೇಲಿ ಕರೀಬೇಡಿ ಅಷ್ಟೆ,” ಅಂದರು.

“ಹಾಗಾದ್ರೆ ಚೀಟೀಲಿ ಅದನ್ನ ಹೊಡೆದುಹಾಕಿ ಕೊಡ್ತೀರಾ ಸರ್?”

“ಅದು ಎಲ್ರಿಗೂ ಕೊಡೋ ಪ್ರಿಂಟು ಮೇಡಂ. ನಾನು ತಿದ್ದೋಕಾಗಲ್ಲ.”

ಅಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಾಗಿತ್ತು.

ಬಸ್ಸಿನಲ್ಲಿ ಕೋನಪ್ಪ ನಿಧಾನವಾಗಿ, “ಬಾಯಲ್ಲಿ ಹೇಳೋದು ಬೇರೆ, ಬರೆದು ಕೊಡೋದು ಬೇರೆ. ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದೀನಿ, ನಂಗೊತ್ತಿಲ್ವಾ?” ಅಂದರು. ಸಂಘಮಿತ್ರ ಹಲ್ಲು ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. ಮಂಚೇನಹಳ್ಳಿಯಲ್ಲಿ ಇಳಿದವರೇ ಕೋನಪ್ಪ ಸೀದಾ ಬೋಂಡದಂಗಡಿಗೆ ಹೋದರು.

ಭಾನುವಾರ ಅವಳೇ ಏಡಿ ತಂದು, ಬೆರಳು ಕುಯ್ದುಕೊಂಡು ತೊಳೆದಳು. ತಾಯಿ ಆದಿಲಕ್ಷ್ಮಮ್ಮ ಮಸಾಲೆ ರುಬ್ಬಿಕೊಟ್ಟರು. ಮುದ್ದೆಯ ಪಕ್ಕಕ್ಕೆ ಸಾರು ಬಡಿಸಲು ಹೋದರೆ ಕೋನಪ್ಪ ತಟ್ಟೆಗೆ ಕೈ ಅಡ್ಡ ಹಿಡಿದರು.

“ನಂಗೆ ಮೊಸರು ಸಾಕಮ್ಮ.”

“ಕಾಲೇಜಲ್ಲಿ ಅರವತ್ತು ಜನ ನಾನು ಹೇಳಿದ್ದು ಬರ್ಕೋತಾರೆ. ನಿಂಗೆ ಮಾತ್ರ ನನ್ನ ಮಾತಿಗೆ ಬೆಲೆ ಇಲ್ಲ.”

ಕೋನಪ್ಪ ತಟ್ಟೆಯ ಮೇಲಿಂದ ಕೈ ತೆಗೆಯಲಿಲ್ಲ. “ನೀನು ಹೇಳೋದು ನಿಜಾನೇ ಇರಬೋದು. ಆದ್ರೆ ಇದನ್ನ ತಿಂದ ಮೇಲೆ ನಂಗೆ ಏನಾದ್ರೂ ಆದ್ರೆ, ನಾನೇ ಮಾಡಿ ಬಡಿಸಿದೆ ಅಂತ ನೀನು ಬದುಕಿರೋವರ್ಗೂ ಕೊರಗ್ತೀಯ. ಅದು ಬೇಡ.”

ಸಂಘಮಿತ್ರಳ ಸಿಟ್ಟು ಇಳಿಯಲಿಲ್ಲ. ತನ್ನ ತಟ್ಟೆ ತೆಗೆದುಕೊಂಡು ಅಡುಗೆಮನೆಯಲ್ಲಿ ಅಮ್ಮನ ಪಕ್ಕ ಕೂತು ಉಂಡಳು. ಸಾರು ಬಹಳ ಚೆನ್ನಾಗಿ ಆಗಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತು.