ಮಂಗಳವಾರದ ತಾಸು

ಅರ್ಶಿಯಾ ಮಂಚದ ಮೇಲೆ ಮಲಗಿ ಮಾತಾಡುತ್ತಿದ್ದಳು. ಮನೋವಿಶ್ಲೇಷಣೆ ಮಾಡುವ ಡಾಕ್ಟರ್ ಮೇಘಾ ಅವಳ ತಲೆಯ ಹಿಂದೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕೇಳುತ್ತಿದ್ದರು. ಮಂಗಳವಾರದ ಈ ಒಂದು ತಾಸಿಗಾಗಿ ಅರ್ಶಿಯಾ ವಾರವಿಡೀ ಕಾಯುತ್ತಿದ್ದಳು. ಮೈಲೂರಿನ ಎರಡು ಕೋಣೆಯ ಮನೆಯಲ್ಲಿ ಆರು ಮಕ್ಕಳ ನಡುವೆ ಬೆಳೆದವಳಿಗೆ, ತನ್ನೊಬ್ಬಳ ಮಾತಿಗೆ ಕಿವಿಗೊಟ್ಟವರು ಅದುವರೆಗೆ ಯಾರೂ ಇರಲಿಲ್ಲ.

ತಾಯಿ, ಅವಳ ಅಮ್ಮಿ, ತೀರಿಕೊಂಡ ಮೇಲೆ, ನಾಲ್ಕು ಜನರ ಜೊತೆ ಕೂತರೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಉಂಡೆದ್ದ ಮೇಲೆ ಅಡುಗೆಮನೆಯಲ್ಲಿ ನಿಂತು ತಿನ್ನುತ್ತಿದ್ದಳು. ಕೊಳಾರದ ಗೋದಾಮಿನ ಕೆಲಸದಲ್ಲಿ ಊಟದ ಡಬ್ಬಿ ತೆರೆಯುತ್ತಲೇ ಇರಲಿಲ್ಲ.

ಚಳಿ ಶುರುವಾದಾಗ ಮೇಘಾ ಹೇಳಿದರು: “ಇನ್ನ ಗುರುವಾರ ನನ್ನ ಪೇಶಂಟರ ಗುಂಪಿನ್ಯಾಗ ಕೂಡ್ರಿ. ಇಲ್ಲಿ ನೀವು ಮನಿ ಬಗ್ಗೆ ಹೇಳ್ತೀರಿ. ಅಲ್ಲಿ ಮಂದಿ ನಡುವ ಏನಾಗ್ತದ ನೋಡೋಣ.”

“ಮತ್ತ ಮಂಗಳವಾರ?”

“ಸ್ವಲ್ಪ ದಿನ ಬಿಡೋಣ.”

ತನ್ನನ್ನು ಹೊರಗೆ ಹಾಕಿದರು ಅಂದುಕೊಂಡಳು. ಗುಂಪಿನಲ್ಲಿ ಕೆಟ್ಟದಾಗಿ ನಡೆದುಕೊಂಡರೆ ಮಂಗಳವಾರ ವಾಪಸ್ ಸಿಗಬಹುದು ಎಂಬ ಆಸೆಯಲ್ಲೇ ಹೋದಳು.

ಅಲ್ಲಿ ಔರಾದ ಕಡೆಯ ಕುರಿ ಕಾಯುವ ಮಡೆಪ್ಪ ಇದ್ದ, ಜನ ಕಂಡರೆ ದೂರ ಸರಿಯುವವನು. ಭಾಲ್ಕಿಯಿಂದ ಬಸ್ಸಿಗೆ ಬರುವ ಪುತಳಾಬಾಯಿ ಇದ್ದಳು, ಮಗ ಸತ್ತ ಮೇಲೆ ನಿದ್ದೆ ಕಳೆದುಕೊಂಡವಳು. ಯಾರು ಏನು ಹೇಳಿದರೂ, ಕಥೆ ಕೇಳುವವರು ಹೂಂಗುಟ್ಟುವ ಹಾಗೆ, ಈ ಮುದುಕಿ ಮಾತಿಗೊಮ್ಮೆ “ಹೂಂ” ಅನ್ನುತ್ತಿದ್ದಳು.

“ಒಮ್ಮಿ ಅಮ್ಮಿ ನನಗೊಬ್ಬಾಕಿಗೇ ಗಾಂಧಿ ಗಂಜ್ ಬಜಾರಕ್ಕ ಕರ್ಕೊಂಡು ಹೋಗಿದ್ಳು,” ಎಂದಳು ಅರ್ಶಿಯಾ, ಮೇಘಾರನ್ನೇ ನೋಡುತ್ತ.

“ಹೂಂ.”

“ತೊಗರಿಬ್ಯಾಳಿ ತರ್ಲಾಕ.”

“ಹೂಂ.”

“ಬಾಯಿ ಮುಚ್ಕೊಂಡು ಕೂಡ್ರಿ ಆಯಿ! ನಾ ನಿಮಗ ಹೇಳ್ಲಾಕತ್ತಿಲ್ಲ.”

ಪುತಳಾಬಾಯಿ ಗಾಬರಿಯಾದಳು. “ಹೂಂ ಅನ್ನಲಿಲ್ಲಂದ್ರ ಹೇಳಾಕಿಗಿ ಹ್ಯಾಂಗ ತಿಳೀಬೇಕವ್ವ, ನಾವು ಎದ್ದೀವೋ ಮಲಗೀವೋ ಅಂತ?”

“ಆಯಿ ಮಲಗಿದ್ರ ನಾ ಊರಿಗೆಲ್ಲಾ ಪೇಢಾ ಹಂಚ್ತೇನಿ,” ಎಂದ ಮಡೆಪ್ಪ. ಪುತಳಾಬಾಯಿಯೇ ಮೊದಲು ನಕ್ಕಳು.

ಅರ್ಶಿಯಾ ನಗಲಿಲ್ಲ. ಮೇಘಾ ಕೇಳಿದರು: “ಮನ್ಯಾಗ ಹಿಂಗ ಯಾರಿಗಿ ಬೈತಿದ್ರಿ?”

“ಗುಡಿಯಾಳಿಗಿ.”

ತಡೆಯುವ ಮೊದಲೇ ಬಾಯಿಂದ ಬಂದಿತ್ತು. ಗುಡಿಯಾ ಕೊನೆಯ ತಂಗಿ. ಅರ್ಶಿಯಾ ಅಮ್ಮಿಯ ಹತ್ತಿರ ಕೂತರೆ ಸಾಕು, ಇವಳು ಬಂದು ಅಮ್ಮಿಯ ತೊಡೆ ಏರುತ್ತಿದ್ದಳು. ಇದನ್ನು ಅರ್ಶಿಯಾ ಮಂಗಳವಾರಗಳಲ್ಲಿ ಎಷ್ಟೋ ಸಲ ಹೇಳಿದ್ದಳು, ಬೇರೆ ಯಾರದೋ ಸುದ್ದಿಯ ಹಾಗೆ, ಆರಾಮಾಗಿ. ಈಗ ಕಿವಿ ಬಿಸಿಯಾಗಿತ್ತು.

“ನನಗ ಮಂಗಳವಾರ ಬೇಕ್ರಿ ಮೇಡಂ,” ಎಂದಳು, ಎಲ್ಲರೆದುರು.

“ಬರ್ರಿ. ಗುರುವಾರನೂ ಬರ್ರಿ.”

ಮಂಗಳವಾರ ಅದೇ ಮಂಚ, ಅದೇ ಗೋಡೆ. ಗಂಜ್ ಬಜಾರದ ಮಾತು ಶುರು ಮಾಡಿ, ಒಂದು ವಾಕ್ಯಕ್ಕೆ ನಿಂತಳು. ಹಿಂದಿನಿಂದ ಸದ್ದಿಲ್ಲ. ಮೇಘಾ ಕೇಳುತ್ತಿದ್ದಾರೆಂದು ಗೊತ್ತಿತ್ತು, ಆದರೂ ಮುಂದಿನ ಮಾತು ಬರಲಿಲ್ಲ. ಅಮ್ಮಿಯೂ ಎಂದೂ ಹೂಂಗುಟ್ಟಿದವಳಲ್ಲ. ಬೆನ್ನು ತಿರುಗಿಸಿ ರೊಟ್ಟಿ ಮಾಡುತ್ತ ಕೇಳುತ್ತಿದ್ದಳು, ಅಥವಾ ಕೇಳುತ್ತಿರಲಿಲ್ಲ. ಇನ್ನು ಅದು ತಿಳಿಯುವಂತೆಯೂ ಇರಲಿಲ್ಲ.

“ಯಾಕ ನಿಂತ್ರಿ?”

“ಗೊತ್ತಿಲ್ರಿ,” ಎಂದಳು. ಗೊತ್ತಿತ್ತು.

ಗುರುವಾರ ಪುತಳಾಬಾಯಿ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು. ಯಾರ ಮಾತಿಗೂ ಹೂಂ ಇಲ್ಲ. ಅರ್ಶಿಯಾ ಕುರ್ಚಿಯನ್ನು ಮೇಘಾರ ಕಡೆಯಿಂದ ಅವಳ ಕಡೆಗೆ ತಿರುಗಿಸಿದಳು.

“ಹೂಂ ಅನ್ರಿ ಆಯಿ.”

“ಹೇಳಲಾರದಕ್ಕ ಹೂಂ ಅಂತಾರೇನ? ಮೊದಲ ನೀ ಹೇಳು.”

“ಅಮ್ಮಿ ನನಗೊಬ್ಬಾಕಿಗೇ ಗಂಜ್ ಬಜಾರಕ್ಕ ಕರ್ಕೊಂಡು ಹೋಗಿದ್ಳು.”

“ಹೂಂ.”

“ದಾರಿ ತುಂಬ ಕೈ ಹಿಡ್ಕೊಂಡಿದ್ಳು.”

“ಹೂಂ.”

“ಮನಿ ಬಂದ ಕೂಡ್ಲೆ ಬಿಟ್ಳು.”

ಈ ಸಲ ಪುತಳಾಬಾಯಿ ತಡ ಮಾಡಿದಳು. ಅರ್ಶಿಯಾ ಅವಳ ಬಾಯಿಯನ್ನೇ ನೋಡುತ್ತ ಕಾದಳು.