ಅರ್ವೋ ಎಣ್ಣೆ ಹಚ್ಚಿದ ಗೋಡೆ

ಸೈಮಾ ಫೋನ್ ಮಾಡಿದ್ದು ಜೂನ್ ತಿಂಗಳ ಮೊದಲ ವಾರ. ಸುಪೀರಿಯರ್ ಸರೋವರದ ಮಂಜು ಇನ್ನೂ ದಡ ಬಿಟ್ಟು ಹೋಗಿರಲಿಲ್ಲ.

"ಓಯ್ವಾ, ಅಡುಗೆಮನೆ ಕಿಟಕಿ ಕೆಳಗಿಂದ ಇರುವೆ ಸಾಲು ಹೊರಟಿದೆ ಕಣೋ. ಸಕ್ಕರೆಗೆ ಬಂದವಲ್ಲ. ಬಾಯಲ್ಲಿ ಮರದ ಪುಡಿ ಕಚ್ಕೊಂಡು ಹೊರಗೆ ಸಾಗಿಸ್ತಿದಾವೆ."

ಮರದ ಪುಡಿ ಎಂದಾಗಲೇ ದಬ್ಬಳ ಹುಡುಕಿ ಜೇಬಿಗೆ ಹಾಕಿಕೊಂಡೆ. ಈ ಕಡೆಯ ದಿಮ್ಮಿ ಮನೆಗಳ ರಿಪೇರಿಯಲ್ಲೇ ಮೂವತ್ತು ವರ್ಷ ಕಳೆದವನು ನಾನು. ಆ ಜಾತಿಯ ಇರುವೆ ಗಟ್ಟಿ ಮರಕ್ಕೆ ಬಾಯಿ ಹಾಕುವುದು ಕಡಿಮೆ. ನೀರು ಕುಡಿದು ಮೆತ್ತಗಾದದ್ದನ್ನೇ ಹುಡುಕಿಕೊಂಡು ಬರುತ್ತದೆ. ಆ ಮನೆಗೆ ವಾರ್ನಿಷ್ ಹೊಡೆದವನೂ ನಾನೇ.

ಹೋಗಿ ನೋಡಿದೆ. ಹೊರಗಿನಿಂದ ಗೋಡೆ ಜೇನುತುಪ್ಪದ ಬಣ್ಣದಲ್ಲಿ ಮಿರಮಿರ ಮಿಂಚುತ್ತಿತ್ತು. ಕಿಟಕಿಯ ಕೆಳಗಿನ ದಿಮ್ಮಿಗೆ ದಬ್ಬಳ ಒತ್ತಿದೆ. ಹಿಡಿಯವರೆಗೂ ಒಳಗೆ ಹೋಯಿತು, ಬೆಣ್ಣೆಗೆ ಚುಚ್ಚಿದ ಹಾಗೆ. ಹೊರಗೆಳೆದಾಗ ಅದರ ತುದಿಯಿಂದ ಕಂದು ಬಣ್ಣದ ನೀರು ತೊಟ್ಟಿಕ್ಕಿತು.

ಸೈಮಾ ಪಕ್ಕದಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಹೆಂಗಸು. ದನಿ ಈಗಲೂ ಇನ್ನೂರು ಮಕ್ಕಳಿಗೆ ಕೇಳಿಸುವಷ್ಟು ದೊಡ್ಡದು.

"ನಂಗೊತ್ತಿತ್ತು. ಎಲ್ಲಾ ಅರ್ವೋನ ಸೋಮಾರಿತನ. ಸೂರಿನ ಮಳೆನೀರು ದೋಣಿ ಕ್ಲೀನ್ ಮಾಡು, ಎಲೆ ತುಂಬಿ ನೀರು ಗೋಡೆಗಿಳೀತಿದೆ ಅಂತ ಬಡ್ಕೊಂಡೆ. ಹೂಂ ಅನ್ನೋನು, ಸೌನಾ ಉಗಿಕೋಣೆ ಬಿಸಿ ಮಾಡ್ಕೊಂಡು ಒಳಗೆ ಕೂತ್ಬಿಡೋನು. ಅಲ್ವೇನೋ? ದೋಣಿಯಿಂದ ತಾನೆ?"

ಅವಳ ಗಂಡ ಅರ್ವೋ ತೀರಿಕೊಂಡು ಎರಡು ವರ್ಷವಾಗಿತ್ತು. ಅಲ್ಲ ಅನ್ನಲು ಅವನು ಅಲ್ಲಿರಲಿಲ್ಲ.

"ದೋಣಿಯಿಂದ್ಲೂ ಆಗಿರಬಹುದು" ಎಂದುಬಿಟ್ಟೆ.

ಅಷ್ಟೇ ಮಾತು. ಆದರೆ ಅವತ್ತು ರಾತ್ರಿ ಊಟ ಸೇರಲಿಲ್ಲ.

ಹನ್ನೆರಡು ವರ್ಷದ ಹಿಂದಿನ ಮಾತು ಹೇಳಬೇಕು. ಆಗ ಆ ಮನೆ ಬಿಸಿಲು ಮಳೆಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಸೈಮಾಳಿಗೆ ಅದು ನಾಚಿಕೆ. ನಾನು ಆಗಷ್ಟೇ ಹಡಗುಗಳಿಗೆ ಹಚ್ಚುವ ದಪ್ಪ ವಾರ್ನಿಷ್ ತಂದು ಒಂದೆರಡು ಮನೆಗಳನ್ನು ಕನ್ನಡಿ ಮಾಡಿ ಹೆಸರು ಗಳಿಸಿದ್ದೆ. ಅರ್ವೋ ಮಾತ್ರ ಒಪ್ಪಲಿಲ್ಲ. ರಸ್ತೆಯ ಹಿಮ ತಳ್ಳುವ ಗಾಡಿ ಓಡಿಸುತ್ತಿದ್ದವನು, ಮಾತು ಕಡಿಮೆ.

"ಓಯ್ವಾ, ಮರ ಉಸಿರಾಡ್ಬೇಕು ಕಣೋ. ನೀನು ಅದಕ್ಕೆ ಪ್ಲಾಸ್ಟಿಕ್ ಚೀಲ ಹಾಕ್ತಿದೀಯ. ಎಲ್ಲೋ ಒಂದ್ಕಡೆ ಬಿರುಕು ಬಿಟ್ಟೇ ಬಿಡುತ್ತೆ, ನೀರು ಒಳಗೆ ಹೋಗುತ್ತೆ. ಹೊರಗೆ ಬರೋಕೆ ದಾರಿ ಎಲ್ಲಿ?"

"ನೀನು ಹಿಮ ತಳ್ಳು ಅರ್ವೋ. ಮರ ನಂಗೆ ಬಿಡು" ಎಂದೆ ನಾನು. ಅಂಗಳದಲ್ಲಿ ಸೇರಿದ್ದ ನೆರೆಯವರೆಲ್ಲ ನಕ್ಕರು. ಸೈಮಾ ಎಲ್ಲರಿಗಿಂತ ಜೋರಾಗಿ ನಕ್ಕಳು.

"ಸರಿ ಬಿಡಿ. ಉತ್ತರದ ಗೋಡೆ ಮಾತ್ರ ಮುಟ್ಬೇಡಿ. ಅದು ನಂದು" ಎಂದ ಅರ್ವೋ.

ಅಂದಿನಿಂದ ಮೂರು ಗೋಡೆ ನನ್ನವು, ಒಂದು ಅವನದು. ಎರಡು ಮೂರು ವರ್ಷಕ್ಕೊಮ್ಮೆ ಅವನು ಅಗಸೆ ಎಣ್ಣೆಗೆ ಪೈನ್ ಮರದ ಟಾರು ಬೆರೆಸಿ, ಬೆಚ್ಚಗೆ ಮಾಡಿ, ಬ್ರಷ್ಷಿನಲ್ಲಿ ತಿಕ್ಕಿ ತಿಕ್ಕಿ ಹಚ್ಚುತ್ತಿದ್ದ. ಗೋಡೆ ಕಪ್ಪಾಯಿತು. ಸರೋವರದ ಗಾಳಿ, ಮಳೆ, ಹಿಮ ಎಲ್ಲ ಬಂದು ಬಡಿಯುವುದು ಆ ಕಡೆಯಿಂದಲೇ. ಚರ್ಚಿನ ಕಾಫಿ ಕೂಟದಲ್ಲಿ ಸೈಮಾ ಅದನ್ನು "ನಮ್ಮನೆ ಬಾಣಲೆ ತಳ" ಎಂದು ಕರೆದು ಎಲ್ಲರನ್ನೂ ನಗಿಸುತ್ತಿದ್ದಳು. ಅರ್ವೋ ಕಾಫಿಯಲ್ಲಿ ಬ್ರೆಡ್ಡು ಅದ್ದಿಕೊಂಡು ತಾನೂ ಸುಮ್ಮನೆ ನಗುತ್ತಿದ್ದ.

ಈಗ ಕೆಲಸ ಶುರುವಾಯಿತು. ಅಡುಗೆಮನೆಯಿರುವ ದಕ್ಷಿಣದ ಗೋಡೆಗೆ ಜಾಕು ಕೊಟ್ಟು, ಕೊಳೆತ ದಿಮ್ಮಿ ಕತ್ತರಿಸಿ ತೆಗೆದೆ. ಪದರ ಪದರವಾಗಿ ವಾರ್ನಿಷ್ ಹೆರೆದಂತೆ ಸತ್ಯ ಬಿಚ್ಚಿಕೊಂಡಿತು. ಬಿಸಿಲಿಗೆ ವಾರ್ನಿಷ್ ಕೂದಲೆಳೆಯಷ್ಟು ಸೀಳಿತ್ತು. ಆ ಸೀಳಿನಿಂದ ಇಳಿದ ನೀರು ದಿಮ್ಮಿಯ ಮೇಲ್ಮುಖದ ಒಣಬಿರುಕುಗಳಲ್ಲಿ ಬಟ್ಟಲಲ್ಲಿ ನಿಂತ ಹಾಗೆ ನಿಂತು, ಹೊರಗೆ ಬರಲಾಗದೆ, ಮರವನ್ನು ಒಳಗಿನಿಂದಲೇ ಬೇಯಿಸಿತ್ತು. ಪೂರ್ವ, ಪಶ್ಚಿಮದ ಗೋಡೆಗಳಲ್ಲೂ ದಬ್ಬಳ ಹಾಗೇ ಒಳಗಿಳಿಯಿತು. ದೋಣಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ದೋಣಿ ನಿಜವಾಗಿ ಸೋರಿದ್ದು ಉತ್ತರಕ್ಕೆ. ಆ ಕಡೆ ಹೋಗಿ ಸುತ್ತಿಗೆಯಿಂದ ಒಂದೊಂದೇ ದಿಮ್ಮಿ ಬಡಿದೆ. ಠಣ್ ಠಣ್. ದಬ್ಬಳ ಒತ್ತಿದರೆ ಕೂದಲಷ್ಟೂ ಒಳಗಿಳಿಯಲಿಲ್ಲ.

ಆದರೂ ನಾನು ಬಾಯಿ ಬಿಡಲಿಲ್ಲ. ದಿನವೂ ಬೆಳಿಗ್ಗೆ ಹತ್ತಕ್ಕೆ ಸೈಮಾ ಕಾಫಿ, ಏಲಕ್ಕಿ ಹಾಕಿದ ನಿಸು ಎಂಬ ಸಿಹಿ ಬ್ರೆಡ್ಡು ತಂದಿಡುತ್ತಿದ್ದಳು. ಗಂಡನನ್ನು ಬೈಯುತ್ತಲೇ ಬೆಣ್ಣೆ ಸವರಿ ಕೊಡುತ್ತಿದ್ದಳು. ನಾನು ತಿನ್ನುತ್ತಿದ್ದೆ.

ಮೂರನೇ ವಾರ ಒಂದು ದಿನ ಬಂದು ಹೇಳಿದಳು:

"ಹೇಗೂ ಬಂದಿದೀಯ. ಆ ಬಾಣಲೆ ತಳಾನೂ ಹೆರೆದುಬಿಡು. ವಾರ್ನಿಷ್ ಹೊಡೆದು ಮೂರರ ಜೊತೆ ಅದನ್ನೂ ಹೊಳೆಯೋ ಹಾಗೆ ಮಾಡು. ಅವನಿರೋವರೆಗೆ ಆಗಲಿಲ್ಲ."

"ಅದು ಬೇಡ ಸೈಮಾ."

"ಯಾಕೆ? ಕೈ ನೋವಾ? ವಯಸ್ಸಾಯ್ತಾ ನಿಂಗೂ?"

"ಗಟ್ಟಿ ಇದೆ ಅದು. ಹಾಗೇ ಇರಲಿ."

"ಗಟ್ಟಿ ಇದ್ರೆ ಒಳ್ಳೇದೇ ಆಯ್ತಲ್ಲ, ಕೆಲಸ ಸುಲಭ. ನಾಳೆನೇ ಶುರು ಮಾಡು."

ಕೈಯಲ್ಲಿದ್ದ ಹೆರೆಯುವ ಅಲಗನ್ನು ಕೆಳಗಿಟ್ಟೆ. ಇನ್ನು ಸುಮ್ಮನಿದ್ದರೆ ನಾಲ್ಕನೆಯದನ್ನೂ ನಾನೇ ಕೊಲ್ಲಬೇಕಿತ್ತು.

"ಮನೆಯಲ್ಲಿ ಉಳಿದಿರೋ ಗಟ್ಟಿ ಗೋಡೆ ಅದೊಂದೇ. ಮಿಕ್ಕ ಮೂರನ್ನೂ ಕೊಳೆಸಿದ್ದು ದೋಣಿ ಅಲ್ಲ, ನನ್ನ ವಾರ್ನಿಷ್ಷು. ಅರ್ವೋ ಅವತ್ತು ಹೇಳಿದ್ದೇ ನಿಜ. ಮೊದಲ ದಿನಾನೇ ನಂಗೆ ಗೊತ್ತಾಗಿತ್ತು. ಹೇಳಲಿಲ್ಲ. ತಪ್ಪಾಯ್ತು."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಮನೆ ಸುತ್ತಿಕೊಂಡು ಉತ್ತರಕ್ಕೆ ಹೋದಳು. ಹಿಂದೆಯೇ ಹೋದೆ. ಅಂಗೈಯನ್ನು ಕಪ್ಪು ದಿಮ್ಮಿಯ ಮೇಲಿಟ್ಟು ನಿಂತಿದ್ದಳು.

"ಅವನ ಕೊನೇ ಚಳಿಗಾಲದಲ್ಲಿ ಅಡುಗೆಮನೆ ಗೋಡೆ ತಣ್ಣಗೆ ಕೊರೀತಿತ್ತು" ಎಂದಳು. ಆ ದೊಡ್ಡ ದನಿ ಎಲ್ಲಿ ಹೋಯಿತೋ. "ನಿನ್ನಿಂದಾನೇ ಅಂದೆ ಅವನಿಗೆ. ಎದ್ದು ನಿಲ್ಲೋಕೆ ಶಕ್ತಿ ಇರಲಿಲ್ಲ, ಆಗ್ಲೂ ಅಂದೆ. ಅವನು, ಬೇಸಿಗೆ ಬರಲಿ ಸೈಮಾ, ನೋಡ್ತೀನಿ ಅಂದ. ಓಯ್ವಾನ ವಾರ್ನಿಷ್ ಅಂತ ಒಂದ್ಸಲಾನೂ ಅನ್ನಲಿಲ್ಲ ಕಣೋ."

ಅವಳು ಗೋಡೆಯಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು.

"ಒಂದು ಉಪಕಾರ ಮಾಡು. ನೀನು ಯಾರಿಗೂ ಹೇಳ್ಬೇಡ. ಚರ್ಚಲ್ಲಿ ಅವನ್ನ ಆಡ್ಕೊಂಡಿದ್ದು ನನ್ನ ಬಾಯಿ. ನಾನೇ ಹೇಳ್ತೀನಿ."

ಆ ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಕಾಫಿಗೆ ಕೂತಿದ್ದರು. ಸೈಮಾ ಬಟ್ಟಲು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು ಹೇಳಿದಳು:

"ನಮ್ಮ ಉತ್ತರದ ಗೋಡೆ ಗಟ್ಟಿಯಾಗಿದೆ. ಅರ್ವೋ ಹೇಳಿದ್ದೇ ಸರಿ. ನಾನು ಸುಮ್ಮನೆ ಆಡ್ಕೊಂಡೆ."

ಎದುರಿಗಿದ್ದ ಲೆಂಪಿ ಕಿವಿಯ ಯಂತ್ರ ತಿರುಗಿಸಿಕೊಂಡಳು. "ಯಾವ ಗೋಡೆ?"

"ನಾನು ಬಾಣಲೆ ತಳ ಅಂತಿದ್ದೆನಲ್ಲ, ಅದು."

"ಹೌದಾ? ಅಂತಿದ್ಯಾ? ನೆನಪೇ ಇಲ್ಲ ನೋಡು" ಎಂದಳು ಲೆಂಪಿ. "ಪಾಪ, ಒಳ್ಳೆ ಮನುಷ್ಯ. ಸಕ್ಕರೆ ಈ ಕಡೆ ಕೊಡು."

ಜೊತೆಗೆ ನಗುತ್ತಿದ್ದವರಲ್ಲಿ ಅರ್ಧ ಜನ ಮಣ್ಣಿಗೆ ಸೇರಿದ್ದರು. ಉಳಿದವರು ಮರೆತಿದ್ದರು. ಸೈಮಾ ಸಕ್ಕರೆ ಬಟ್ಟಲು ದೂಡಿ, ತನ್ನ ಕಾಫಿಯನ್ನು ಪೂರ್ತಿ ಕುಡಿಯದೆ ಎದ್ದಳು.

ಸೋಮವಾರ ಹೋದಾಗ ಅವಳೇ ಪೂರ್ವದ ಗೋಡೆ ಹೆರೆಯುತ್ತಿದ್ದಳು. ನನ್ನನ್ನು ಹೋಗೆನ್ನಲಿಲ್ಲ, ಬಾ ಎನ್ನಲೂ ಇಲ್ಲ. ಬೇಸಿಗೆಯಿಡೀ ಇಬ್ಬರೂ ಬೇರೆ ಬೇರೆ ಗೋಡೆಯಲ್ಲಿ ಕೆಲಸ ಮಾಡಿದೆವು. ಹೊಸ ದಿಮ್ಮಿಗಳು ಕೂತವು, ಬಿರುಕುಗಳು ಬಯಲಾಗಿ ಒಣಗಿದವು. ಸೆಪ್ಟೆಂಬರ್ ಕೊನೆಯಲ್ಲಿ, ಅರ್ವೋನ ಹಾಗೇ ಎಣ್ಣೆ ಹಚ್ಚುವ ದಿನ, ಮೊದಲ ಬಾರಿಗೆ ತಾನಾಗಿ ಮಾತಾಡಿದಳು.

"ಟಾರು ಎಷ್ಟು ಹಾಕ್ತಿದ್ದ ಅವನು? ಎಣ್ಣೆ ಎಷ್ಟು?"

"ಗೊತ್ತಿಲ್ಲ ಸೈಮಾ."

"ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀಯ."

"ಅವನ್ನ ಯಾವತ್ತೂ ಕೇಳಲಿಲ್ಲ. ನೀನು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಹಳೇ ಹಲಗೆಯ ಚೂರುಗಳ ಮೇಲೆ ಒಂದಕ್ಕೊಂದು, ಒಂದಕ್ಕೆರಡು, ಒಂದಕ್ಕೆ ಮೂರು ಎಂದು ಬೆರೆಸಿ ಹಚ್ಚಿ, ಉತ್ತರದ ಗೋಡೆಯ ಪಕ್ಕ ಹಿಡಿದು ನೋಡಿದೆವು. ಒಂದು ತೀರಾ ಕೆಂಪು. ಇನ್ನೊಂದು ಅಂಟಂಟು. ಸಂಜೆಯ ಹೊತ್ತಿಗೆ ಹದಿನೇಳು ಚೂರಾಗಿದ್ದವು, ಒಂದೂ ಹೊಂದಲಿಲ್ಲ. ಸರೋವರದ ಕಡೆಯಿಂದ ಮಳೆ ಬರುವ ಹಾಗಿತ್ತು. ಹದಿನೆಂಟನೆಯ ಚೂರಿಗಾಗಿ ಸೈಮಾ ಕೈ ಚಾಚಿದಳು.